ಮನೆವಾರ್ತೆ: ಕಾರಿನ ಎರಡು ಲೆಕ್ಕ

ಪುಣೆಯ ಹಿರಿಯ ಓದುಗರೊಬ್ಬರು ಈ ಅಂಕಣಕ್ಕೆ ಬರೆದಿರುವ ಕಾಗದ ನನ್ನ ಮುಂದಿದೆ. ನಿವೃತ್ತರು, ಮನೆಯಲ್ಲಿ ಆರು ವರ್ಷದ ಹಳೆಯ ಪೆಟ್ರೋಲು ಕಾರೊಂದಿದೆ. ಪ್ರತಿ ದೀಪಾವಳಿಗೂ ಪತ್ನಿಯೊಡನೆ ಧಾರವಾಡಕ್ಕೆ ಹೋಗಿ, ಎಂಬತ್ತು ದಾಟಿದ ಅಕ್ಕನನ್ನು ಕಂಡು ಬರುವುದು ಅವರ ವಾಡಿಕೆ. “ನಮ್ಮ ಚಿರಂಜೀವಿ ಲೆಕ್ಕ ಹಾಕಿ, ಕಾರು ಕಿಲೋಮೀಟರಿಗೆ ಹತ್ತಿರ ಹತ್ತಿರ ಇಪ್ಪತ್ತು ರೂಪಾಯಿ ತಿನ್ನುತ್ತದೆ ಎಂದು ತೋರಿಸಿದ. ಹೋಗಿ ಬರಲು ಹದಿನಾರು ಸಾವಿರವಾಯಿತು. ಪಿಂಚಣಿದಾರನಿಗೆ ಇದು ಭಾರವೆಂದು ಎರಡು ದೀಪಾವಳಿಗಳಿಂದ ಹೋಗಿಲ್ಲ. ಲೆಕ್ಕ ಸರಿಯೇ, ತಾವು ನೋಡಿ ಹೇಳಬೇಕು” ಎಂದು ಕೇಳಿದ್ದಾರೆ. ಮಗನ ಹಾಳೆಯನ್ನೂ ಲಗತ್ತಿಸಿದ್ದಾರೆ.

ಹಾಳೆ ಅಚ್ಚುಕಟ್ಟಾಗಿದೆ. ಕೂಡುವುದರಲ್ಲಾಗಲಿ ಭಾಗಿಸುವುದರಲ್ಲಾಗಲಿ ಎಲ್ಲಿಯೂ ತಪ್ಪಿಲ್ಲ. ಆದರೂ ಅಕ್ಕನನ್ನು ನೋಡಲು ಹೋಗಬೇಕೇ ಬೇಡವೇ ಎಂಬ ಪ್ರಶ್ನೆಗೆ ಆ ಹಾಳೆ ಉತ್ತರವಲ್ಲ. ಅದು ಬೇರೊಂದು ಪ್ರಶ್ನೆಗೆ ಉತ್ತರ. ಇದನ್ನು ಬಿಡಿಸಿ ಹೇಳುವ ಮೊದಲು ಮೈಲೇಜಿನ ವಿಷಯ ಸ್ವಲ್ಪ ನೋಡೋಣ, ಏಕೆಂದರೆ ಎರಡು ಲೆಕ್ಕಗಳಿಗೂ ಬುಡ ಅದೇ.

ಮೈಲಿ ನಮ್ಮ ರಸ್ತೆಗಳನ್ನು ಬಿಟ್ಟು ಎಷ್ಟೋ ಕಾಲವಾಯಿತು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾಯಿತು; ಗ್ಯಾಲನ್ ಹೋಗಿ ಲೀಟರು ಬಂತು. ‘ಮೈಲೇಜು’ ಮಾತ್ರ ನಮ್ಮ ನಾಲಗೆಯನ್ನು ಬಿಡಲಿಲ್ಲ. ತಂದೆಯ ಕಾಲದ ಕಾರು ಗ್ಯಾಲನ್ನಿಗೆ 30 ಮೈಲಿ ಕೊಡುತ್ತಿತ್ತೆಂದು ಹೆಮ್ಮೆಪಡುವವರು ಅದನ್ನು 2.825ರಿಂದ ಭಾಗಿಸಿ ನೋಡಲಿ. ಲೀಟರಿಗೆ ಹತ್ತೂವರೆ ಕಿಲೋಮೀಟರು ಚಿಲ್ಲರೆ ಎಂದಾಗುತ್ತದೆ, ಅಷ್ಟೇ.

ಕಾರು ಮಾರುವವರು ಕೊಡುವ ಕಾಗದದಲ್ಲಿ ಅಚ್ಚಾಗಿರುವ ಅಂಕಿಯನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅದು ಸುಳ್ಳಲ್ಲ. ಪುಣೆಯಲ್ಲಿಯೇ 1966ರಲ್ಲಿ ಹುಟ್ಟಿದ ಎ.ಆರ್.ಎ.ಐ.ನಂತಹ ಪರೀಕ್ಷಾ ಸಂಸ್ಥೆಗಳಲ್ಲಿ, ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಗಳಲ್ಲಿ ಓಡಿಸಿ ಪಡೆದ ಅಂಕಿ ಅದು. ಕಾರು ಕಾರುಗಳನ್ನು ಹೋಲಿಸಲು ಬಹಳ ಉಪಯುಕ್ತ. ಆದರೆ ಆ ಉರುಳೆಗಳ ಮೇಲೆ ಗಣಪತಿಯ ಮೆರವಣಿಗೆ ಅಡ್ಡ ಬರುವುದಿಲ್ಲ, ಸಿಗ್ನಲಿನಲ್ಲಿ ಮುಂದಿನ ಲಾರಿ ಕೆಟ್ಟು ನಿಲ್ಲುವುದೂ ಇಲ್ಲ. ನಿಂತ ಕಾರು ಕ್ರಮಿಸುವ ದೂರ ಸೊನ್ನೆ; ಎಂಜಿನು ಓಡುತ್ತಿದ್ದರೆ ಅದು ಕುಡಿಯುವ ಪೆಟ್ರೋಲು ಸೊನ್ನೆಯಲ್ಲ.

ನಮ್ಮ ಕಾರಿನ ಅಂಕಿ ನಮಗೆ ತಿಳಿಯಬೇಕಾದರೆ ದಾರಿ ಒಂದೇ. ಪೆಟ್ರೋಲ್ ಬಂಕಿನಲ್ಲಿ ನಳಿಗೆ ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಬೇಕು. ಆಮೇಲೆ ದುಂಡು ಮೊತ್ತಕ್ಕಾಗಿ ಇನ್ನಷ್ಟು ಸುರಿಸಬಾರದು. ಪ್ರಯಾಣದ ಮೀಟರನ್ನು ಸೊನ್ನೆಗೆ ತರಬೇಕು. ಮುಂದಿನ ಸಲವೂ ಸಾಧ್ಯವಾದರೆ ಅದೇ ಬಂಕಿನಲ್ಲಿ, ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಚೀಟಿಯ ಮೇಲಿನ ಲೀಟರಿನಿಂದ ಭಾಗಿಸಬೇಕು. ಪ್ರತಿ ಸಲವೂ “ಐನೂರರದ್ದು ಹಾಕಪ್ಪ” ಎನ್ನುವವರಿಗೆ ಈ ಲೆಕ್ಕ ಎಂದಿಗೂ ಸಿಕ್ಕುವುದಿಲ್ಲ. ಒಂದು ಸಲದ ಅಳತೆಯಲ್ಲಿ ಒಂದೆರಡು ಲೀಟರು ಆಚೀಚೆಯಾಗಬಹುದಾದ್ದರಿಂದ ಮೂರು ನಾಲ್ಕು ಸಲದ ದೂರವನ್ನೆಲ್ಲ ಕೂಡಿ, ಲೀಟರನ್ನೆಲ್ಲ ಕೂಡಿ, ಕೊನೆಗೆ ಒಮ್ಮೆ ಮಾತ್ರ ಭಾಗಿಸುವುದು ಲೇಸು. ಪುಣೆಯ ಹಾಳೆಯಲ್ಲಿ ಹಾಗೆಯೇ ಮಾಡಿದ್ದಾರೆ: ಮೂರು ಸಲಕ್ಕೆ 1,250 ಕಿಲೋಮೀಟರು, 100 ಲೀಟರು. ಎಂದರೆ ಲೀಟರಿಗೆ ಹನ್ನೆರಡೂವರೆ.

ಕೊನೆಗೆ ಒಮ್ಮೆ ಮಾತ್ರ ಭಾಗಿಸಬೇಕು ಎಂದದ್ದಕ್ಕೆ ಕಾರಣವುಂಟು. ಊರೊಳಗೆ 500 ಕಿಲೋಮೀಟರನ್ನು ಲೀಟರಿಗೆ 10ರಂತೆ, ಹೆದ್ದಾರಿಯಲ್ಲಿ 500ನ್ನು 20ರಂತೆ ಓಡಿಸಿದರೆ ಸರಾಸರಿ 15 ಎಂದು ಬಾಯಿ ತಾನಾಗಿ ಹೇಳಿಬಿಡುತ್ತದೆ. ಸುಟ್ಟದ್ದು 50 ಮತ್ತು 25, ಒಟ್ಟು 75 ಲೀಟರು. ಸಾವಿರಕ್ಕೆ ಭಾಗಿಸಿದರೆ ಬರುವುದು 13.3. ಮೈಲೇಜು ಇಂಥ ಮೋಸಗಾರ ಅಂಕಿ. ಲೀಟರಿಗೆ 20 ಕೊಡುವ ಕಾರನ್ನು ಬಿಟ್ಟು 25 ಕೊಡುವುದನ್ನು ತಂದರೆ ಸಾವಿರ ಕಿಲೋಮೀಟರಿಗೆ ಉಳಿಯುವುದು 10 ಲೀಟರು. 8 ಕೊಡುತ್ತಿದ್ದ ಕಾರನ್ನು ಚಕ್ರದ ಗಾಳಿ, ಎಂಜಿನು ಸರಿಮಾಡಿಸಿ 10ಕ್ಕೆ ತಂದರೆ ಉಳಿಯುವುದು 25 ಲೀಟರು! ಯೂರೋಪಿನವರು 100 ಕಿಲೋಮೀಟರಿಗೆ ಎಷ್ಟು ಲೀಟರು ಎಂದು ತಿರುಗಿಸಿ ಬರೆಯುತ್ತಾರೆ. ಆ ಪದ್ಧತಿಯಲ್ಲಿ ಈ ಭ್ರಮೆಗೆ ಎಡೆಯಿಲ್ಲ.

ಇನ್ನು ಹಣದ ಮಾತು. ಲೆಕ್ಕ ಸುಲಭವಾಗಲೆಂದು ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದು ಹಿಡಿದಿದ್ದಾರೆ. ಹನ್ನೆರಡೂವರೆ ಕಿಲೋಮೀಟರಿನಂತೆ, ಕಿಲೋಮೀಟರಿಗೆ 8 ರೂಪಾಯಿ. ನಾಲ್ಕು ಟಯರುಗಳಿಗೆ 20,000 ರೂಪಾಯಿ, ಅವು 40,000 ಕಿಲೋಮೀಟರು ಬಾಳುತ್ತವೆ ಎಂದರೆ 50 ಪೈಸೆ. ಇದು ಓಡಿದರೆ ಮಾತ್ರ ಬೀಳುವ ಖರ್ಚು: ಎಂಟೂವರೆ ರೂಪಾಯಿ.

ಎರಡನೆಯದು, ಕಾರು ನಿಂತಿದ್ದರೂ ತಪ್ಪದ ಖರ್ಚು. ಎಂಟು ಲಕ್ಷಕ್ಕೆ ಕೊಂಡ ಕಾರನ್ನು ಹತ್ತು ವರ್ಷ ಇಟ್ಟುಕೊಂಡು ಎರಡು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 60,000 ಸವಕಳಿ. ವಿಮೆ 15,000. ವರ್ಷಕ್ಕೊಮ್ಮೆ ಮಾಡಿಸುವ ಸರ್ವೀಸು 9,000. ಬೆಳಿಗ್ಗೆ ಬಂದು ಒರೆಸುವ ಹುಡುಗನಿಗೆ ತಿಂಗಳಿಗೆ 500ರಂತೆ 6,000. ಒಟ್ಟು 90,000. ವರ್ಷಕ್ಕೆ ಓಡುವುದು 8,000 ಕಿಲೋಮೀಟರು. ಭಾಗಿಸಿದರೆ 11 ರೂಪಾಯಿ 25 ಪೈಸೆ. ಎರಡನ್ನೂ ಕೂಡಿದರೆ 19 ರೂಪಾಯಿ 75 ಪೈಸೆ. (ಕಾರಿನಲ್ಲಿ ಹೂತ ಹಣಕ್ಕೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿಯನ್ನು ಚಿರಂಜೀವಿ ಸೇರಿಸಿಲ್ಲ. ಸೇರಿಸಿದ್ದರೆ ತಂದೆಯವರು ಕಾರಿನ ಬಾಗಿಲನ್ನೇ ತೆರೆಯುತ್ತಿರಲಿಲ್ಲವೇನೋ.)

ಈಗ ದೀಪಾವಳಿಯ ಪ್ರಶ್ನೆಗೆ ಬರೋಣ. ಪುಣೆಯಿಂದ ಧಾರವಾಡಕ್ಕೆ ಹೋಗಿ ಬರಲು ಸುಮಾರು 830 ಕಿಲೋಮೀಟರು. ಚಿರಂಜೀವಿ ಇದನ್ನು 19.75ರಿಂದ ಗುಣಿಸಿದ್ದಾರೆ, 16,392 ಬಂತು. ಆದರೆ ಹಿರಿಯರು ಆ ವಾರ ಮನೆಯಲ್ಲೇ ಉಳಿದರೆ ವಿಮೆಯವರು ಹಣ ಹಿಂದಿರುಗಿಸುತ್ತಾರೆಯೇ? ಒರೆಸುವ ಹುಡುಗ ಸಂಬಳ ಬಿಡುತ್ತಾನೆಯೇ? ಕಾರಿಗೆ ವಯಸ್ಸಾಗುವುದು ನಿಲ್ಲುತ್ತದೆಯೇ? ಆ 90,000 ಹೋದರೂ ಹೋಗುತ್ತದೆ, ಹೋಗದಿದ್ದರೂ ಹೋಗುತ್ತದೆ. ಪ್ರಯಾಣದ ತಲೆಯ ಮೇಲೆ ಹೊರಿಸಬೇಕಾದದ್ದು ಓಡುವ ಖರ್ಚನ್ನು ಮಾತ್ರ. ಅದರಲ್ಲಿಯೂ ಹನ್ನೆರಡೂವರೆ ಎಂಬುದು ಪುಣೆಯ ಗಲ್ಲಿಗಳೂ ಸೇರಿದ ಸರಾಸರಿ. ಸಾತಾರಾ, ಕರಾಡ, ನಿಪ್ಪಾಣಿಯ ಹೆದ್ದಾರಿಯಲ್ಲಿ, ಖಂಬಾಟಕಿ ಘಾಟನ್ನು ಹತ್ತಿಳಿದರೂ, ಎಂಬತ್ತರ ವೇಗ ಮೀರದೆ ಹೋದರೆ ಅದೇ ಕಾರು 16 ಕೊಟ್ಟೀತು ಎಂದು ನನ್ನ ಅಂದಾಜು. ಆಗ ಪೆಟ್ರೋಲಿಗೆ ಕಿಲೋಮೀಟರಿಗೆ 6.25, ಟಯರಿಗೆ 0.50, 830ಕ್ಕೆ ಸುಮಾರು 5,600 ರೂಪಾಯಿ, ಮೇಲೆ ಟೋಲು. ಹೆಚ್ಚಿನ ಓಟದಿಂದ ಮಾರುವಾಗಿನ ಬೆಲೆ ಕೊಂಚ ತಗ್ಗುತ್ತದೆ, ನಿಜ. ಎಂಟು ನೂರು ಕಿಲೋಮೀಟರಿಗೆ ಅದು ದೊಡ್ಡದಲ್ಲ. ಹದಿನಾರು ಸಾವಿರವೆಂದು ಹೆದರಿ ತಪ್ಪಿಸಿಕೊಂಡ ಎರಡು ಹಬ್ಬಗಳ ನಿಜವಾದ ವೆಚ್ಚ ಇದರ ಮೂರನೆಯ ಒಂದು ಪಾಲಿನ ಆಸುಪಾಸು. ಎಂಬತ್ತು ದಾಟಿದವರ ವಿಷಯದಲ್ಲಿ ಮುಂದಿನ ವರ್ಷ ನೋಡೋಣ ಎನ್ನುವುದು ನನಗೆ ಸರಿಕಾಣದು. ಈ ದೀಪಾವಳಿಗೆ ಹೊರಡಿ.

ಟೋಲಿನ ಬಗ್ಗೆ ಒಂದು ಮಾತು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗಿನ ವಾರ್ಷಿಕ ಪಾಸು ಬಂದಿದೆ. ಆರಂಭದಲ್ಲಿ 200 ದಾಟುಗಳಿಗೆ 3,000 ರೂಪಾಯಿ ಇಟ್ಟಿದ್ದರು. ಅದನ್ನು ಒಮ್ಮೆ ಕೊಂಡವರ ಪಾಲಿಗೆ ರಾಷ್ಟ್ರೀಯ ಹೆದ್ದಾರಿಯ ಟೋಲು ಓಡುವ ಖರ್ಚಿನಿಂದ ನಿಂತ ಖರ್ಚಿಗೆ ದಾಟಿಬಿಡುತ್ತದೆ. ಮುಂಬಯಿಯವರು ನೆನಪಿಡಬೇಕಾದದ್ದು, ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹಾದಿ ರಾಜ್ಯದ್ದು; ಅಲ್ಲಿ ಈ ಪಾಸು ನಡೆಯದು.

ಹಾಗಾದರೆ 19.75 ಎಂಬ ಅಂಕಿ ಯಾವ ಪ್ರಶ್ನೆಗೆ? ಕಾರನ್ನು ಕೊಳ್ಳಬೇಕೇ, ಬಾಡಿಗೆ ಟ್ಯಾಕ್ಸಿಯೇ ಸಾಕೇ ಎಂಬುದಕ್ಕೆ. ಪೆಟ್ರೋಲೊಂದನ್ನೇ ಎಣಿಸಿ “ಎಂಟು ರೂಪಾಯಿಗೆ ಮನೆಬಾಗಿಲಿನಿಂದ ಮನೆಬಾಗಿಲಿಗೆ” ಎಂದು ಎರಡನೆಯ ಕಾರು ತರುವ ಕುಟುಂಬಗಳು ಆ ಹಿರಿಯರ ತದ್ವಿರುದ್ಧ ತಪ್ಪನ್ನು ಮಾಡುತ್ತಾರೆ. ಇಂಥವರೇ ನಮ್ಮಲ್ಲಿ ಹೆಚ್ಚು. ಎರಡನೆಯ ಕಾರು ವರ್ಷಕ್ಕೆ 4,000 ಕಿಲೋಮೀಟರು ಮಾತ್ರ ಓಡಿದರೆ ಅದೇ 90,000ದ ಪಾಲು 22.50 ಆಗಿ, ಒಟ್ಟು 31 ರೂಪಾಯಿಗೆ ಏರುತ್ತದೆ. 16,000 ಓಡಿದರೆ 14ಕ್ಕೆ ಇಳಿಯುತ್ತದೆ.

ಇದ್ದ ಕಾರನ್ನು ಮಾರಬೇಕೇ ಎಂಬುದು ಮತ್ತೆ ಬೇರೆ. ಅಲ್ಲಿ ಕೊಂಡ ಬೆಲೆಯ ನೆನಪೇ ಬೇಡ. ಇಂದು ಮಾರಿದರೆ ಎಷ್ಟು, ಬರುವ ವರ್ಷ ಮಾರಿದರೆ ಎಷ್ಟು, ಆ ವ್ಯತ್ಯಾಸವೇ ಮುಂದಿನ ವರ್ಷದ ಸವಕಳಿ. ಹಳೆಯ ಕಾರಿಗೆ ಅದು 60,000ದ ಬದಲು 30,000 ಇದ್ದರೆ, 8,000 ಕಿಲೋಮೀಟರಿಗೆ ಒಟ್ಟು ಖರ್ಚು 16 ರೂಪಾಯಿ. ಅದಕ್ಕೆ ಗ್ಯಾರೇಜಿನ ರಿಪೇರಿ ಸೇರಿಸಿ, ಟ್ಯಾಕ್ಸಿಯ ದರದೊಡನೆ ಹೋಲಿಸಬಹುದು.

ಹಳೆಯ ದಿನಚರಿಗಳಲ್ಲಿ ಮೈಲೇಜು ಬರೆದಿಟ್ಟಿರುವವರಿಗೆ ಕೊನೆಯದಾಗಿ ಇಷ್ಟು. ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲು ಬೆರೆಸುವ ಪದ್ಧತಿ 2025ರ ಹೊತ್ತಿಗೆ ದೇಶದ ತುಂಬ ಹರಡಿತು. ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರನೆಯ ಎರಡು ಪಾಲು; ಆದ್ದರಿಂದ ಬೆರಕೆಯ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಕಡಿಮೆ. ಮೈಲೇಜು ಎಷ್ಟು ಇಳಿಯುತ್ತದೆ ಎಂಬುದು ಎಂಜಿನಿನಿಂದ ಎಂಜಿನಿಗೆ ಬೇರೆ. ಹತ್ತು ವರ್ಷದ ಹಿಂದಿನ ಅಂಕಿಯನ್ನು ಇಂದಿನದರ ಪಕ್ಕದಲ್ಲಿಟ್ಟು ಮೆಕ್ಯಾನಿಕ್ಕನ ಮೇಲೆ ಜಗಳಕ್ಕೆ ಹೋಗುವ ಮುನ್ನ ಇದನ್ನು ಕಳೆದುಕೊಳ್ಳಿ.