ಅಂಗಡಿಯ ಗಣಕ: ಕಾಣುವ ತಂತ್ರಾಂಶ, ಕಾಣದ ತಂತ್ರಾಂಶ

ವ್ಯಾಪಾರಕ್ಕೆಂದು ಗಣಕ ಕೊಳ್ಳಲು ಹೋಗುವವರ ಪ್ರಶ್ನೆಗಳು ಸಾಮಾನ್ಯವಾಗಿ ಯಂತ್ರದ ಬಗ್ಗೆಯೇ ಇರುತ್ತವೆ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಬೆಲೆಯಲ್ಲಿ ಎಷ್ಟು ಬಿಡುತ್ತೀರಿ? ತಂತ್ರಾಂಶದ ಮಾತು ಬಂದರೆ ಮಾರುವವರು “ಅದೆಲ್ಲ ಹಾಕಿಯೇ ಕೊಡುತ್ತೇವೆ” ಎನ್ನುತ್ತಾರೆ. ಕೊಳ್ಳುವವರು ಅಷ್ಟಕ್ಕೇ ಸಮಾಧಾನಗೊಂಡು ಹಣ ಎಣಿಸುತ್ತಾರೆ. ಆದರೆ ಆ “ಅದೆಲ್ಲ” ಎಂಬುದರೊಳಗೆ ಎರಡು ಬೇರೆ ಬೇರೆ ಜಾತಿಯ ವಸ್ತುಗಳಿವೆ. ಅವು ಯಾವುವು, ಅವುಗಳ ನಡುವಿನ ಗೆರೆ ಎಲ್ಲಿದೆ ಎಂಬುದು ತಿಳಿದಿದ್ದರೆ ಮುಂದೆ ಎಷ್ಟೋ ತೊಂದರೆ ತಪ್ಪುತ್ತದೆ.

ಮೊದಲನೆಯದು ವ್ಯವಸ್ಥಾ ತಂತ್ರಾಂಶ, ಅಂದರೆ ಸಿಸ್ಟಂ ಸಾಫ್ಟ್‌ವೇರ್. ಎರಡನೆಯದು ಆನ್ವಯಿಕ ತಂತ್ರಾಂಶ, ಅಂದರೆ ಅಪ್ಲಿಕೇಶನ್ ಸಾಫ್ಟ್‌ವೇರ್. ಕಲ್ಯಾಣ ಮಂಟಪದ ಉದಾಹರಣೆ ತೆಗೆದುಕೊಳ್ಳಿ. ನೀರು, ದೀಪ, ಪಾತ್ರೆ, ಕೋಣೆಗಳ ಬೀಗದ ಕೈ, ಇವೆಲ್ಲ ಮಂಟಪದವರ ಹೊಣೆ. ಹುಡುಗಿಯ ಕಡೆಯವರಿಗೆ ಯಾವ ಕೋಣೆ, ಹುಡುಗನ ಕಡೆಯವರಿಗೆ ಯಾವುದು ಎಂದು ಹಂಚುವುದೂ ಅವರ ಕೆಲಸವೇ. ಅಡುಗೆಯವರು, ಪುರೋಹಿತರು, ಓಲಗದವರು ಬೇರೆ. ಜನ ಬರುವುದು ಮದುವೆಗೆ, ಮಂಟಪದ ಜನರೇಟರ್ ನೋಡಲು ಅಲ್ಲ. ಹಾಗೆಂದು ಜನರೇಟರ್ ಕೈಕೊಟ್ಟರೆ ಅಡುಗೆಯವರಾಗಲಿ ಓಲಗದವರಾಗಲಿ ಏನೂ ಮಾಡಲಾರರು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಇವು ಮಂಟಪದವರು. ಲೆಕ್ಕ ಬರೆಯುವ, ಬಿಲ್ ಮುದ್ರಿಸುವ, ದಾಸ್ತಾನು ಎಣಿಸುವ, ಸಂಬಳ ಲೆಕ್ಕ ಹಾಕುವ ತಂತ್ರಾಂಶಗಳು ಅಡುಗೆಯವರು.

ಈ ವಿಂಗಡಣೆ ಗಣಕದ ಹುಟ್ಟಿನೊಂದಿಗೇ ಬಂದದ್ದಲ್ಲ. ಗಣಕವನ್ನು ಕಚೇರಿಯ ನಿತ್ಯದ ಕೆಲಸಕ್ಕೆ ಮೊದಲು ಹೂಡಿದವರು, ಆಶ್ಚರ್ಯವೆನಿಸಬಹುದು, ಇಂಗ್ಲೆಂಡಿನ ಒಂದು ಚಹಾ ಹೋಟೆಲಿನವರು. ಊರೂರಲ್ಲಿ ಚಹಾ ಅಂಗಡಿಗಳನ್ನು ನಡೆಸುತ್ತಿದ್ದ ಜೆ. ಲಯನ್ಸ್ ಕಂಪನಿ ತಾನೇ ಕಟ್ಟಿಸಿದ ಲಿಯೊ ಎಂಬ ಗಣಕದಲ್ಲಿ 1951ರ ನವೆಂಬರಿನಿಂದ ತನ್ನ ಬೇಕರಿಯ ಲೆಕ್ಕ ಹಾಕತೊಡಗಿತು. ಆ ಯಂತ್ರದಲ್ಲಿ ಇಂದಿನ ಅರ್ಥದ ಕಾರ್ಯಾಚರಣ ವ್ಯವಸ್ಥೆ ಇರಲಿಲ್ಲ. ಲೆಕ್ಕದ ಕ್ರಮವಿಧಿಯನ್ನು ಬರೆದವರೇ ಯಂತ್ರದ ಒಳಹೊರಗನ್ನೆಲ್ಲ ಸಂಭಾಳಿಸಬೇಕಿತ್ತು. ಮದುವೆಯ ಅಡುಗೆಯವನೇ ಬಾವಿ ತೋಡಿ, ನೀರು ಸೇದಿ, ಒಲೆ ಹೂಡಿದಂತೆ.

ಎಲ್ಲರಿಗೂ ಬೇಕಾದ ಈ ಬಾವಿ, ಒಲೆಗಳ ಕೆಲಸವನ್ನು ಒಮ್ಮೆ ಮಾಡಿಟ್ಟು ಹಂಚಿಕೊಳ್ಳುವುದೇ ವ್ಯವಸ್ಥಾ ತಂತ್ರಾಂಶದ ತಿರುಳು. 1969ರ ಜೂನ್‌ನಲ್ಲಿ ಐಬಿಎಂ ಕಂಪನಿ ಯಂತ್ರಕ್ಕೂ ತಂತ್ರಾಂಶಕ್ಕೂ ಬೇರೆ ಬೇರೆ ಬೆಲೆ ಕಟ್ಟುವುದಾಗಿ ಸಾರಿತು. ಆಗಲೂ ಯಂತ್ರ ನಡೆಯಲು ಬೇಕೇಬೇಕಾದ ವ್ಯವಸ್ಥಾ ತಂತ್ರಾಂಶವನ್ನು ಯಂತ್ರದ ಜೊತೆಗೇ ಉಳಿಸಿಕೊಂಡು, ಉಳಿದ ಹಲವು ತಂತ್ರಾಂಶಗಳಿಗೆ ಬೆಲೆಯ ಚೀಟಿ ಅಂಟಿಸಿತು. ತಂತ್ರಾಂಶವನ್ನೇ ಬರೆದು ಮಾರಿ ಬದುಕಬಹುದು ಎಂಬ ಧೈರ್ಯ ಸ್ವತಂತ್ರ ಕಂಪನಿಗಳಿಗೆ ಬಂದದ್ದರಲ್ಲಿ ಈ ತೀರ್ಮಾನದ ಪಾಲು ದೊಡ್ಡದು.

ಈ ಗೆರೆ ಒಂದೇ ಕಡೆ ನಿಂತಿಲ್ಲ ಎಂಬುದನ್ನೂ ಗಮನಿಸಬೇಕು. ಡಾಸ್ ಕಾಲದಲ್ಲಿ ಗಣಕ ಬಳಸಿದವರಿಗೆ ಮುದ್ರಕದ ಪಾಡು ನೆನಪಿರಬಹುದು. ಪತ್ರ ಬರೆಯುವ ವರ್ಡ್‌ಸ್ಟಾರ್‌ಗೆ ನಿಮ್ಮ ಮುದ್ರಕ ಯಾವುದೆಂದು ಹೇಳಬೇಕು. ಲೆಕ್ಕದ ಲೋಟಸ್‌ಗೆ ಮತ್ತೆ ಅದನ್ನೇ ಬೇರೆಯಾಗಿ ಹೇಳಬೇಕು. ವಿಂಡೋಸ್ ಬಂದ ಮೇಲೆ ಮುದ್ರಕದ ಪರಿಚಯ ವ್ಯವಸ್ಥೆಯ ಹೊಣೆಯಾಯಿತು. ಒಮ್ಮೆ ಹೇಳಿದರೆ ಸಾಕು, ಎಲ್ಲ ತಂತ್ರಾಂಶಗಳಿಗೂ ಅನ್ವಯ. ಕನ್ನಡದ ಕಥೆಯೂ ಇದೇ. ಮೊದಲು ಒಂದೊಂದು ತಂತ್ರಾಂಶ ಕನ್ನಡ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಗೆಕಾಲು ಗುಬ್ಬಿಕಾಲು. ಯುನಿಕೋಡ್ ಸಂಕೇತದ ಕನ್ನಡ ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಗಳೊಳಗೇ ಸೇರಿದ ಮೇಲೆ, ಯುನಿಕೋಡ್ ಒಪ್ಪುವ ಯಾವ ತಂತ್ರಾಂಶದಲ್ಲೂ ಗ್ರಾಹಕನ ಹೆಸರನ್ನು ಕನ್ನಡದಲ್ಲಿ ಬರೆದಿಡುವುದು ಸಾಧ್ಯವಾಯಿತು.

ಇನ್ನು ಆನ್ವಯಿಕ ತಂತ್ರಾಂಶ. ಇದು ಹುಟ್ಟುವುದು ವ್ಯಾಪಾರಿಯ ಅಗತ್ಯದಿಂದ. ಬೆಂಗಳೂರಿನ ಟ್ಯಾಲಿಯೇ ಇದಕ್ಕೆ ಸಾಕ್ಷಿ. ಜವಳಿ ಗಿರಣಿಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಬರೆದುಕೊಟ್ಟರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ 1999ರಲ್ಲಿ ಟ್ಯಾಲಿ ಸೊಲ್ಯೂಶನ್ಸ್ ಆಯಿತು. ಆರಂಭದ ಟ್ಯಾಲಿ ಡಾಸ್ ಮೇಲೆ ನಡೆಯುತ್ತಿತ್ತು. ಆಮೇಲೆ ವಿಂಡೋಸ್‌ಗೆ ಬಂತು. ಕೆಳಗಿನ ವ್ಯವಸ್ಥೆ ಬದಲಾದರೂ ಜಮೆ, ಖರ್ಚು, ಖಾತೆಗಳ ತರ್ಕ ಬದಲಾಗಬೇಕಿರಲಿಲ್ಲ.

ಇಲ್ಲಿಯೇ ವ್ಯಾಪಾರಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯಿದೆ. ಈ ಎರಡು ತಂತ್ರಾಂಶಗಳಿಗೆ ವಯಸ್ಸಾಗುವುದು ಎರಡು ಬೇರೆ ಗಡಿಯಾರಗಳ ಪ್ರಕಾರ. ಆನ್ವಯಿಕ ತಂತ್ರಾಂಶದ ಗಡಿಯಾರಕ್ಕೆ ಕೀಲಿ ಕೊಡುವುದು ಕಾನೂನು ಮತ್ತು ವ್ಯಾಪಾರದ ರೀತಿ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಹಿಂದಿನ ದಿನದವರೆಗೂ ಸರಿಯಾಗಿದ್ದ ಬಿಲ್ಲಿಂಗ್ ತಂತ್ರಾಂಶಗಳು ಮರುದಿನ ಹಳತಾದವು. 2023ರ ಏಪ್ರಿಲ್ 1ರಿಂದ, ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಿನಾಂಕ ಸಹಿತ ದಾಖಲಿಸಲೇಬೇಕು ಎಂಬ ನಿಯಮ ಜಾರಿಯಾಯಿತು. ವ್ಯವಸ್ಥಾ ತಂತ್ರಾಂಶದ ಗಡಿಯಾರ ಬೇರೆ. ಅದನ್ನು ತಿರುಗಿಸುವುದು ಹೊಸ ಯಂತ್ರಗಳು, ಕಳ್ಳಕಿಂಡಿ ಹುಡುಕುವವರ ಕಾಟ ಮತ್ತು ತಯಾರಕರ ತೀರ್ಮಾನ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಆಸರೆ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಆಸರೆ 2025ರ ಅಕ್ಟೋಬರ್ 14ಕ್ಕೆ. ಅದಾದ ಮೇಲೂ ಯಂತ್ರ ನಡೆಯುತ್ತದೆ, ಆದರೆ ಹೊಸ ಕಿಂಡಿಗಳನ್ನು ಮುಚ್ಚುವವರು ಇರುವುದಿಲ್ಲ.

ಈ ಎರಡು ಗಡಿಯಾರಗಳ ನಡುವೆ ಮೂರನೆಯದೊಂದಿದೆ. ಅದು ನಿಮ್ಮ ಲೆಕ್ಕದ ಪುಸ್ತಕದ್ದು. ಜಿಎಸ್‌ಟಿ ಕಾನೂನಿನ ಪ್ರಕಾರ ಒಂದು ವರ್ಷದ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಅಷ್ಟರೊಳಗೆ ವ್ಯವಸ್ಥೆಯೂ ಬದಲಾಗಬಹುದು, ಲೆಕ್ಕದ ತಂತ್ರಾಂಶವೂ ಬದಲಾಗಬಹುದು, ಅದನ್ನು ಬರೆದುಕೊಟ್ಟವನು ಅಂಗಡಿ ಮುಚ್ಚಿರಲೂಬಹುದು. ಪುಸ್ತಕ ಮಾತ್ರ ಉಳಿಯಬೇಕು. ಕೊಂಡ ತಂತ್ರಾಂಶಗಳೆರಡೂ ಬಾಡಿಗೆ ಮನೆಗಳಿದ್ದಂತೆ. ದತ್ತಾಂಶವೊಂದೇ ಸ್ವಂತ ಆಸ್ತಿ.

ಕೆಳಗಿನ ಪದರ ಕುಸಿದರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಇದು ಮೈಕ್ರೋಸಾಫ್ಟ್ ಕೊಟ್ಟ ಅಂದಾಜು. ಆ ಭದ್ರತಾ ತಂತ್ರಾಂಶ ಕೆಲಸ ಮಾಡುತ್ತಿದ್ದುದು ಕಾರ್ಯಾಚರಣ ವ್ಯವಸ್ಥೆಯ ತೀರ ಒಳಗರ್ಭದಲ್ಲಿ. ಹೀಗಾಗಿ ವಿಮಾನದ ಟಿಕೆಟ್, ಆಸ್ಪತ್ರೆ, ಬ್ಯಾಂಕುಗಳ ಆನ್ವಯಿಕ ತಂತ್ರಾಂಶಗಳಲ್ಲಿ ಯಾವ ತಪ್ಪೂ ಇಲ್ಲದಿದ್ದರೂ ಅವುಗಳಿಗೆ ನಿಲ್ಲಲು ನೆಲವೇ ಇರಲಿಲ್ಲ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಪ್ರಯಾಣಿಕರ ಪಟ್ಟಿ ಕೈಗೆ ಸಿಕ್ಕವರಿಗೆ ಪೆನ್ನು, ಕಾಗದ ಸಾಕಾದವು.

ಹಾಗಾದರೆ ಕೊಳ್ಳುವವರು ಮಾಡಬೇಕಾದದ್ದೇನು? ಮೊದಲಿಗೆ ಕ್ರಮವನ್ನು ತಿರುಗಿಸಿ. ಯಂತ್ರದಿಂದ ಶುರು ಮಾಡಬೇಡಿ. ನಿಮ್ಮ ಕೆಲಸ ಯಾವುದೆಂದು ಬರೆದುಕೊಳ್ಳಿ. ಆ ಕೆಲಸಕ್ಕೆ ಒಪ್ಪುವ ಆನ್ವಯಿಕ ತಂತ್ರಾಂಶ ಆರಿಸಿ. ಅದು ಯಾವ ವ್ಯವಸ್ಥೆಯ ಮೇಲೆ ನಡೆಯುತ್ತದೆ ಎಂದು ಕೇಳಿ. ಯಂತ್ರ ಕೊನೆಗೆ. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ ಬಂದಾಗ ಅಮೆರಿಕದ ವ್ಯಾಪಾರಿಗಳು ಮಾಡಿದ್ದು ಇದನ್ನೇ. ಅದಕ್ಕಾಗಿ, ಅದು ನಡೆಯುವ ಆಪಲ್ 2 ಯಂತ್ರವನ್ನು ಕೊಂಡರು.

ಎರಡನೆಯದಾಗಿ, ಮಾರುವವರನ್ನು ನಾಲ್ಕು ಪ್ರಶ್ನೆ ಕೇಳಿ. ಈ ಕಾರ್ಯಾಚರಣ ವ್ಯವಸ್ಥೆಗೆ ಆಸರೆ ಯಾವ ವರ್ಷದವರೆಗೆ? ತೆರಿಗೆ ನಿಯಮ ಬದಲಾದರೆ ಲೆಕ್ಕದ ತಂತ್ರಾಂಶ ತಿದ್ದಿಕೊಡುವವರು ಯಾರು, ಯಾವ ಬೆಲೆಗೆ? ನನ್ನ ಲೆಕ್ಕವನ್ನೆಲ್ಲ ಬೇರೆ ತಂತ್ರಾಂಶ ಓದುವ ರೂಪದಲ್ಲಿ ಹೊರತೆಗೆಯಬಹುದೇ? ನಕಲು ಪ್ರತಿ ತೆಗೆದು ಇನ್ನೊಂದು ಯಂತ್ರದಲ್ಲಿ ತೆರೆದು ತೋರಿಸುತ್ತೀರಾ? ಮೂರನೆಯ, ನಾಲ್ಕನೆಯ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಒಪ್ಪಬೇಡಿ. ಕಣ್ಣೆದುರು ಮಾಡಿಸಿ ನೋಡಿ. ತಂತ್ರಾಂಶ ನಿಮ್ಮ ಯಂತ್ರದಲ್ಲಿಲ್ಲದೆ ಅಂತರಜಾಲದ ಮೂಲಕ ಬರುವಂಥದ್ದಾದರೆ ಈ ಪ್ರಶ್ನೆಗಳು ಇನ್ನೂ ಮುಖ್ಯ. ಅಲ್ಲಿ ಮಂಟಪವೂ ಅಡುಗೆಯೂ ಇನ್ನೊಬ್ಬರದು.

ಕೊನೆಯದಾಗಿ, ತೊಂದರೆ ಬಂದ ದಿನ ಗೆರೆಯನ್ನು ನೆನಪಿಸಿಕೊಳ್ಳಿ. ಬಿಲ್ಲಿನಲ್ಲಿ ತೆರಿಗೆ ತಪ್ಪಾಗಿ ಬಂದರೆ ಆನ್ವಯಿಕ ತಂತ್ರಾಂಶದವರನ್ನು ಕರೆಯಿರಿ. ಯಾವ ತಂತ್ರಾಂಶದಿಂದಲೂ ಮುದ್ರಣವಾಗದಿದ್ದರೆ ದೋಷ ಕೆಳಗಿನ ಪದರದಲ್ಲೋ ಮುದ್ರಕದಲ್ಲೋ ಇದೆ. “ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ” ಎಂದು ಯಾರಾದರೂ ಸಲಹೆ ಕೊಟ್ಟರೆ, ಮೊದಲು ದತ್ತಾಂಶದ ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ವ್ಯವಸ್ಥೆಯನ್ನು ಮತ್ತೆ ಹಾಕಬಹುದು, ಲೆಕ್ಕದ ತಂತ್ರಾಂಶವನ್ನು ಮತ್ತೆ ಕೊಳ್ಳಬಹುದು. ಹೋದ ವರ್ಷದ ಬಾಕಿದಾರರ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.