ಸಣ್ಣ ತಂಡದ ಗೆಲುವು ಆಕಸ್ಮಿಕವಲ್ಲ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕುರಿತು ಕಳೆದ ವಾರ ಪ್ರಕಟವಾದ ಲೇಖನ ಓದಿದೆ. ಮಾರ್ಚ್ ತಿಂಗಳ ಎನ್‌ಸಿಎಎ ಟೂರ್ನಿಯಲ್ಲಿ ಸಣ್ಣ ತಂಡಗಳ ಪರ ನಿಲ್ಲುವುದು ಬರೀ ಭಾವುಕತೆ, ಅವುಗಳ ಗೆಲುವು ಆಕಸ್ಮಿಕ ಎಂಬುದು ಲೇಖಕರ ವಾದ. ಇದನ್ನು ಒಪ್ಪಲಾಗದು.

2018ರಲ್ಲಿ 16ನೇ ಶ್ರೇಯಾಂಕದ ಯುಎಂಬಿಸಿ, ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು 74-54ರಿಂದ ಮಣಿಸಿತು. ಪುರುಷರ ಟೂರ್ನಿಯಲ್ಲಿ ಅದಕ್ಕೂ ಮುನ್ನ ನಡೆದ ಇಂಥ 135 ಪಂದ್ಯಗಳನ್ನೂ ಅಗ್ರ ತಂಡಗಳೇ ಗೆದ್ದಿದ್ದವು. ವಿರಾಮದ ವೇಳೆಗೆ 21-21 ಸಮಬಲ. ಉತ್ತರಾರ್ಧದಲ್ಲಿ ಯುಎಂಬಿಸಿ ಗಳಿಸಿದ್ದು 53 ಅಂಕ. ಇದನ್ನು ಅದೃಷ್ಟ ಎನ್ನಲಾದೀತೇ? ಮಹಿಳೆಯರಂತೂ ಇಪ್ಪತ್ತು ವರ್ಷ ಮೊದಲೇ ದಾರಿ ತೋರಿದ್ದರು: 1998ರಲ್ಲಿ 16ನೇ ಶ್ರೇಯಾಂಕದ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ತಂಡವನ್ನು ಅದರ ಅಂಗಳದಲ್ಲೇ ಸೋಲಿಸಿತ್ತು.

2022ರಲ್ಲಿ ಜೆರ್ಸಿ ಸಿಟಿಯ ಪುಟ್ಟ ಸೇಂಟ್ ಪೀಟರ್ಸ್ ತಂಡ ಕೆಂಟಕಿ, ಮರ್ರೆ ಸ್ಟೇಟ್, ಪರ್ಡ್ಯೂ ತಂಡಗಳನ್ನು ಸಾಲಾಗಿ ಸೋಲಿಸಿ ಕೊನೆಯ ಎಂಟರ ಘಟ್ಟ ತಲುಪಿತು. 15ನೇ ಶ್ರೇಯಾಂಕದ ಯಾವ ತಂಡವೂ ಅಲ್ಲಿಗೆ ಹಿಂದೆ ಮುಟ್ಟಿರಲಿಲ್ಲ. ಒಂದು ಗೆಲುವು ಆಕಸ್ಮಿಕ ಇರಬಹುದು, ಮೂರು ಅಲ್ಲ.

ನಿಜ, ಆ ಟೂರ್ನಿಯ ಬಳಿಕ ತರಬೇತುದಾರ ಶಾಹೀನ್ ಹಾಲೊವೇ ಸೀಟನ್ ಹಾಲ್‌ಗೆ ಹೋದರು, ಹಲವು ಆಟಗಾರರೂ ತಂಡ ತೊರೆದರು. ಹಣ, ಹೆಸರು ಎರಡೂ ದೊಡ್ಡವರ ಕಡೆಗಿವೆ. ಸಣ್ಣ ತಂಡಕ್ಕೆ ಉಳಿದಿರುವುದು ಅಂಗಳದ 40 ನಿಮಿಷ ಮಾತ್ರ. ಅಷ್ಟು ಹೊತ್ತಾದರೂ ಅವರ ಪರ ಕೂಗುವುದು ಭಾವುಕತೆಯಲ್ಲ, ನ್ಯಾಯ.