ಯಾವ ದೇಶಗಳ ಶಾಂತಿ? ಸ್ವಲ್ಪ ಹೆಸರು ಹೇಳಿ

"ವಿಶ್ವಶಾಂತಿಗಾಗಿ ಪ್ರಾರ್ಥಿಸೋಣ" ಅನ್ನೋದಕ್ಕಿಂತ ಸುರಕ್ಷಿತವಾದ ಸಾಲು ಇನ್ನೊಂದಿಲ್ಲ. ಅದನ್ನು ಕೇಳಿ ಯಾರಿಗೂ ಸಿಟ್ಟು ಬರುವುದಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಚರ್ಚುಗಳಲ್ಲಿ ಭಾನುವಾರದ ಪೂಜೆಗೆ ಹೋಗಿ ಬೆಳೆದವರಿಗೆ ಇದು ಬಾಯಿಪಾಠ. ಪ್ರಸಂಗ ಮುಗಿಯುತ್ತೆ, ವಿಶ್ವಾಸ ಪ್ರಮಾಣ ಹೇಳಿ ಆಗುತ್ತೆ, ಯಾರೋ ಒಬ್ಬ ಹುಡುಗನೋ ಹುಡುಗಿಯೋ ಮೈಕಿನ ಮುಂದೆ ಬಂದು ಚೀಟಿ ಓದುತ್ತಾರೆ. ಧರ್ಮಸಭೆಗಾಗಿ, ಆಳುವವರಿಗಾಗಿ, ರಾಷ್ಟ್ರಗಳ ನಡುವಿನ ಶಾಂತಿಗಾಗಿ, ರೋಗಿಗಳಿಗಾಗಿ. ಒಂದೊಂದಕ್ಕೂ ಎಲ್ಲರೂ ಒಟ್ಟಿಗೆ ಉತ್ತರ ಕೊಡುತ್ತೇವೆ. ಎರಡು ನಿಮಿಷ, ಮುಗೀತು. ಆಮೇಲೆ ಕಾಣಿಕೆ.

ನನ್ನ ತಕರಾರು ಇರುವುದು ಈ ಎರಡು ನಿಮಿಷದ ಬಗ್ಗೆ. ಯಾವ ರಾಷ್ಟ್ರಗಳು? ಯಾರಿಗೂ ಯಾರಿಗೂ ನಡುವೆ ಶಾಂತಿ? ಹೆಸರಿಲ್ಲದ ಶಾಂತಿಪ್ರಾರ್ಥನೆ ವಿಳಾಸ ಬರೆಯದೆ ಅಂಚೆ ಡಬ್ಬಿಗೆ ಹಾಕಿದ ಕಾಗದ. ಹಾಕಿದವರಿಗೆ ಸಮಾಧಾನ, ಅದು ಎಲ್ಲಿಗೂ ಹೋಗುವುದಿಲ್ಲ.

ಚರ್ಚಿನೊಳಗಿನ ಮಾತು ನಮಗ್ಯಾಕೆ ಅಂತ ಉಳಿದವರು ಪುಟ ತಿರುಗಿಸಬೇಡಿ. ಇದೇ ಹೆಸರಿಲ್ಲದ ವಿಶ್ವಶಾಂತಿ ನಿಮ್ಮ ಶಾಲೆಯ ಪ್ರಾರ್ಥನೆಯಲ್ಲಿತ್ತು, ನಿಮ್ಮ ಆಫೀಸಿನ ಯೋಗ ದಿನದ ಭಾಷಣದಲ್ಲೂ ಇದೆ.

ಈ ಪ್ರಾರ್ಥನೆ ಜನರ ಕೈಗೆ ಸುಮ್ಮನೆ ಬಂದದ್ದಲ್ಲ. ನೂರಾರು ವರ್ಷ ಭಾನುವಾರದ ಪೂಜೆಯಿಂದ ಮರೆಯಾಗಿದ್ದ ವಿಶ್ವಾಸಿಗಳ ಪ್ರಾರ್ಥನೆಯನ್ನು ಮತ್ತೆ ತಂದದ್ದು ಎರಡನೇ ವ್ಯಾಟಿಕನ್ ಮಹಾಸಭೆ, 1963ರ ಡಿಸೆಂಬರಿನಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಪೋಪ್ 23ನೇ ಜಾನ್ ಜಗತ್ತಿನ ಶಾಂತಿಯ ಬಗ್ಗೆ ಪತ್ರ ಬರೆದಿದ್ದರು. ಕ್ಯೂಬಾದ ಕ್ಷಿಪಣಿಗಳ ವಿಷಯಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಹೋಗಿ ಬಂದು ಆಗಿನ್ನೂ ಆರು ತಿಂಗಳಾಗಿತ್ತು. ಶುಭ ಶುಕ್ರವಾರದ ಪ್ರಾರ್ಥನೆಗಳನ್ನಂತೂ ಗಮನಿಸಿ. ಹತ್ತು ಬೇಡಿಕೆಗಳಿವೆ. ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ ಅಂತ ಬಿಡಿಬಿಡಿಯಾಗಿ ಹೇಳುತ್ತೇವೆ. ಹೆಸರಿಟ್ಟು ಬೇಡುವುದೇ ಹಳೆಯ ರೂಢಿ. ಗುಂಪಿನಲ್ಲಿ ಗೋವಿಂದ ಅನ್ನುವುದು ನಾವು ಆಮೇಲೆ ಕಲಿತದ್ದು.

ಈಗ ಬುದ್ಧಿವಂತರ ಪ್ರಶ್ನೆ. "ಸಾಗರದಲ್ಲಿ ಕೂತು ಪ್ರಾರ್ಥನೆ ಮಾಡಿದ್ರೆ ಪುಟಿನ್ ಯುದ್ಧ ನಿಲ್ಲಿಸ್ತಾನಾ ಮಾರಾಯ?"

ನಿಲ್ಲಿಸುವುದಿಲ್ಲ. 2013ರ ಸೆಪ್ಟೆಂಬರ್ 7ರಂದು ಸಿರಿಯಾಕ್ಕಾಗಿ ಉಪವಾಸವಿದ್ದು ಪ್ರಾರ್ಥಿಸಿ ಅಂತ ಪೋಪ್ ಫ್ರಾನ್ಸಿಸ್ ಜಗತ್ತನ್ನು ಕೇಳಿಕೊಂಡರು. ಸೇಂಟ್ ಪೀಟರ್ ಚೌಕದಲ್ಲಿ ಜನ ರಾತ್ರಿ ಹೊತ್ತು ಗಂಟೆಗಟ್ಟಲೆ ಕೂತರು. ಸಿರಿಯಾದ ಯುದ್ಧ ಅದಾದ ಮೇಲೂ ಹತ್ತು ವರ್ಷ ನಡೆಯಿತು. ಪ್ರಾರ್ಥನೆಯಿಂದ ಕ್ಷಿಪಣಿ ದಾರಿ ತಪ್ಪುತ್ತೆ ಅನ್ನುವವರಿದ್ದರೆ ಅವರಿಂದ ಸ್ವಲ್ಪ ದೂರ ಇರಿ. ಆದರೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಆಡಿದ ಮಾತು ಆಡಿದವನ ಕೈ ಕಟ್ಟುತ್ತೆ. "ಕೀವ್‌ನ ತಾಯಂದಿರಿಗಾಗಿ, ಸೈನ್ಯಕ್ಕೆ ಎಳೆದೊಯ್ದ ರಷ್ಯಾದ ಹುಡುಗರ ತಾಯಂದಿರಿಗಾಗಿ" ಅಂತ ಭಾನುವಾರ ಬೆಳಗ್ಗೆ ಎಲ್ಲರ ಜೊತೆ ಹೇಳಿದವನಿಗೆ, ಹೆಣಗಳ ಮೇಲಿನ ಜೋಕನ್ನು ಸೋಮವಾರ ಫಾರ್ವರ್ಡ್ ಮಾಡುವಾಗ ಬೆರಳು ಒಂದು ಕ್ಷಣವಾದರೂ ತಡೆಯಬೇಕು. "ವಿಶ್ವಶಾಂತಿ" ಅಂದವನಿಗೆ ಆ ತಡೆ ಇಲ್ಲ. ಅವನು ಚರ್ಚಿನ ಮೆಟ್ಟಿಲು ಇಳಿಯುವಾಗಲೇ ಫಾರ್ವರ್ಡ್ ಮಾಡಬಹುದು. ಮಾಡುವವರೂ ಇದ್ದಾರೆ.

ಎರಡನೇ ಆಕ್ಷೇಪ ನಮ್ಮೂರಿನದ್ದೇ. "ಊರಲ್ಲಿ ನೆಟ್‌ವರ್ಕ್ ಇಲ್ಲ, ಇವರಿಗೆ ಉಕ್ರೇನ್ ಚಿಂತೆ." ಮಾತಿನಲ್ಲಿ ಸತ್ಯ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ರಾಜ್ಯಕ್ಕೆಲ್ಲ ಬೆಳಕು ಬಂತು. ಮನೆ, ಗದ್ದೆ ಮುಳುಗಿಸಿಕೊಂಡವರಲ್ಲಿ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿವೆ. ಸಿಗಂದೂರಿಗೆ ಸೇತುವೆ ಬರಲು 2025ರ ಜುಲೈ ತನಕ ಕಾಯಬೇಕಾಯಿತು. ಆದರೆ ಹುಟ್ಟಿದ ಮನೆ ಬಿಟ್ಟು ಗಂಟುಮೂಟೆ ಕಟ್ಟುವುದು ಅಂದರೇನು ಅಂತ ಗೊತ್ತಿರುವ ಊರಿಗೇ ನಿರಾಶ್ರಿತರ ಸಂಕಟ ಬೇಗ ಅರ್ಥವಾಗಬೇಕಲ್ಲವೇ?

ಅಷ್ಟಕ್ಕೂ ಆ ಯುದ್ಧಗಳು ದೂರದವು ಅಂದವರ್ಯಾರು? 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ವಾಪಸ್ ಕರೆತರಬೇಕಾಯಿತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವನು. ಘಟ್ಟದ ಕೆಳಗಿನ ಸಾವಿರಾರು ಮಂದಿ ಇಸ್ರೇಲಿನಲ್ಲಿ ಮುದುಕರ, ಕಾಯಿಲೆಯವರ ಆರೈಕೆ ಮಾಡುತ್ತಿದ್ದಾರೆ. ಮನೆಯಲ್ಲಿ ಕೊಂಕಣಿ, ಪೂಜೆಯಲ್ಲಿ ಕನ್ನಡ ಅನ್ನುವ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅವರು ನೆಂಟರು. ಅಲ್ಲಿ ಸೈರನ್ ಕೂಗಿದರೆ ಇಲ್ಲಿ ಫೋನ್ ಹೊಡೆದುಕೊಳ್ಳುತ್ತೆ.

ಹಾಗಾದರೆ ಹೆಸರು ಯಾಕೆ ಹೇಳುವುದಿಲ್ಲ? ಸೋಮಾರಿತನ ಸ್ವಲ್ಪ ಇದೆ, ಅಚ್ಚಾಗಿ ಬಂದ ಪುಸ್ತಕದಿಂದ ಓದುವುದು ಸುಲಭ. ಆದರೆ ಹೆಚ್ಚಿನದು ಹೆದರಿಕೆ. ಉಕ್ರೇನ್ ಹೆಸರು ಹೇಳಬಹುದು, ಯಾರೂ ಏನೂ ಅನ್ನುವುದಿಲ್ಲ. ಪಾಕಿಸ್ತಾನದ ಹೆಸರು ಹೇಳಿ ನೋಡೋಣ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಅವರಲ್ಲಿ ಒಬ್ಬರು ನಮ್ಮ ಶಿವಮೊಗ್ಗದವರು, ಹೆಂಡತಿ ಮಗನ ಜೊತೆ ಪ್ರವಾಸಕ್ಕೆ ಹೋಗಿದ್ದವರು. ಮೇ ತಿಂಗಳಲ್ಲಿ ನಾಲ್ಕು ದಿನ ಎರಡೂ ದೇಶಗಳು ಹೊಡೆದಾಡಿದವು. ಗಡಿಯಾಚೆಯಿಂದ ಬಂದ ಶೆಲ್‌ಗಳಿಗೆ ಪೂಂಛ್‌ನಲ್ಲಿ ಕ್ರೈಸ್ಟ್ ಶಾಲೆಯ ಇಬ್ಬರು ಮಕ್ಕಳು ಬಲಿಯಾದರು. ಇಂಥ ಹೊತ್ತಿನಲ್ಲಿ ಗಡಿಯ ಎರಡೂ ಕಡೆಯ ಮಕ್ಕಳಿಗಾಗಿ ಅಂತ ಮೈಕಿನಲ್ಲಿ ಹೇಳಿದರೆ "ನೀವು ಯಾರ ಕಡೆ?" ಅನ್ನುವ ಪ್ರಶ್ನೆ ಬಂದೇ ಬರುತ್ತೆ. ಅಲ್ಪಸಂಖ್ಯಾತರಿಗೆ ಆ ಪ್ರಶ್ನೆ ಇನ್ನೂ ಒಂದು ಸುತ್ತು ಬಿಗಿ. ಈ ಹೆದರಿಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಅದು ನಮ್ಮ ಸಮುದಾಯದ ಮೈಗೆ ಹತ್ತಿದ ಹಳೆಯ ನೆನಪು.

ಚರಿತ್ರೆ ನೋಡಿ. ಕೆಳದಿ, ಇಕ್ಕೇರಿ ಇರುವುದು ಸಾಗರ ತಾಲ್ಲೂಕಿನಲ್ಲಿ. ಆ ಅರಸರ ಕೊನೆಯ ರಾಜಧಾನಿ ಬಿದನೂರು, ಈಗಿನ ಹೊಸನಗರ ತಾಲ್ಲೂಕಿನ ನಗರ. ಅವರು ಪೋರ್ಚುಗೀಸರ ಜೊತೆ ಯುದ್ಧವನ್ನೂ ಮಾಡಿದರು, ಕೂತು ಒಪ್ಪಂದವನ್ನೂ ಮಾಡಿಕೊಂಡರು. ರಾಷ್ಟ್ರಗಳ ನಡುವಿನ ಶಾಂತಿ ಅನ್ನುವುದು ನಮ್ಮ ಮಣ್ಣಿಗೆ ಹೊರಗಿನ ಸುದ್ದಿಯಲ್ಲ. 1783ರಲ್ಲಿ ಇಂಗ್ಲಿಷರು ಬಿದನೂರು ಹಿಡಿದರು, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಅನುಮಾನದ ಮೇಲೆ ಕೆನರಾದ ಸಾವಿರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಎರಡು ಶಕ್ತಿಗಳ ಜಗಳದ ನಡುವೆ ಸಿಕ್ಕವರ ಗತಿ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಹಾಗಾಗಿಯೇ ಎರಡೂ ಕಡೆಯವರ ಹೆಸರು ಹೇಳಿ ಶಾಂತಿ ಕೇಳುವ ಹಕ್ಕು ನಮಗೆ ಎಲ್ಲರಿಗಿಂತ ಹೆಚ್ಚೇ ಇದೆ.

ಬೈಗುಳ ಬರುತ್ತೆ, ನಿಜ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಥೋಲಿಕರೂ ಜರ್ಮನಿಯ ಕಥೋಲಿಕರೂ ಒಂದೇ ದೇವರ ಮುಂದೆ ತಮ್ಮ ತಮ್ಮ ಗೆಲುವು ಬೇಡುತ್ತಿದ್ದರು. 1917ರಲ್ಲಿ ಪೋಪ್ 15ನೇ ಬೆನೆಡಿಕ್ಟ್ ಇಬ್ಬರಿಗೂ ಶಾಂತಿಯ ಪ್ರಸ್ತಾಪ ಕಳಿಸಿದರು. ಫ್ರಾನ್ಸಿನವರು ಅವರನ್ನು ಜರ್ಮನರ ಪೋಪ್ ಅಂದರು, ಜರ್ಮನರು ಫ್ರೆಂಚರ ಪೋಪ್ ಅಂದರು. ಎರಡು ಕಡೆಯಿಂದಲೂ ಬೈಸಿಕೊಳ್ಳುವುದು ಶಾಂತಿ ಕೇಳುವವರಿಗೆ ಸಿಗುವ ಸಂಬಳ.

ದೇಶದ್ರೋಹ ಅನ್ನುವವರಿಗೆ ನಮ್ಮ ಸಂವಿಧಾನದ 51ನೇ ವಿಧಿ ತೋರಿಸಿ. ಅಂತಾರಾಷ್ಟ್ರೀಯ ಶಾಂತಿಯನ್ನು ಬೆಳೆಸಲು, ರಾಷ್ಟ್ರಗಳ ನಡುವೆ ನ್ಯಾಯದ, ಗೌರವದ ಸಂಬಂಧ ಉಳಿಸಲು ಶ್ರಮಿಸಬೇಕು ಅಂತ ಅದು ಸರ್ಕಾರಕ್ಕೇ ಹೇಳುತ್ತೆ. ನ್ಯಾಯ ಅನ್ನುವ ಪದ ಅಲ್ಲಿದೆ, ಗಮನಿಸಿ. ಪಹಲ್ಗಾಮಿನ ಕೊಲೆಗಾರರಿಗೆ ಶಿಕ್ಷೆ ಆಗಲಿ ಅನ್ನುವುದಕ್ಕೂ ಲಾಹೋರಿನ ಮಗು ಬದುಕಲಿ ಅನ್ನುವುದಕ್ಕೂ ಜಗಳವಿಲ್ಲ. ವಿಶ್ವಮಾನವ ಸಂದೇಶ ಕೊಟ್ಟ ಕುವೆಂಪು ಬೆಳೆದ ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. ವರ್ಷಕ್ಕೊಮ್ಮೆ ಅವರ ಫೋಟೋಕ್ಕೆ ಹಾರ ಹಾಕಿ, ಗಡಿಯಾಚೆಯ ಮನುಷ್ಯರಿಗೆ ಒಂದು ಪ್ರಾರ್ಥನೆಯನ್ನೂ ಕೊಡಲಾರೆವು ಅಂದರೆ ಆ ಹಾರ ಯಾತಕ್ಕೆ?

ಬೆಂಗಳೂರಿನಿಂದ ರಾತ್ರಿ ಬಸ್ಸಿಗೋ ತಾಳಗುಪ್ಪದ ರೈಲಿಗೋ ಊರಿಗೆ ಹೋಗುವ ನನ್ನ ವಯಸ್ಸಿನವರಿಗೆ ಕೊನೆಯ ಮಾತು. ಪೂಜೆಗೆ ಮೊದಲು ಯಾರೋ ಬಂದು "ಬೆಂಗಳೂರಿನವರು ನೀವೇ ಓದಿ" ಅಂತ ಆ ಚೀಟಿಯನ್ನು ನಿಮ್ಮ ಕೈಗೇ ಕೊಡುತ್ತಾರೆ. ಇಸ್ಕೊಳ್ಳಿ. ಆಮೇಲೆ ಫಾದರ್ ಹತ್ತಿರ ಹೋಗಿ, ಇದರಲ್ಲಿ ಒಂದು ಸಾಲು ನಾವೇ ಬರೀತೀವಿ ಅಂತ ಕೇಳಿ. ಆ ವಾರದ ಪತ್ರಿಕೆ ನೋಡಿ ಎರಡು ದೇಶಗಳ ಹೆಸರು ಬರೆಯಿರಿ. ನಿಮಗೆ ಇಷ್ಟವಾದ ದೇಶದ ಹೆಸರು ಒಂದು, ಬಾಯಿಗೆ ಬಾರದ ದೇಶದ ಹೆಸರು ಇನ್ನೊಂದು. ಎರಡನೆಯದನ್ನು ನುಂಗಬೇಡಿ, ಕೊನೆಯ ಬೆಂಚಿಗೂ ಕೇಳುವ ಹಾಗೆ ಓದಿ.